ಮಿಲಿಟರಿ ಬಿಟ್ಟು ಹುಬ್ಬಳ್ಳಿಗೆ ಬಂದ ಮೇಲೆ ಮೊದಲು ಪ್ಲಾಟ್ ತಗೊಳ್ಳಬೇಕಾ, ನೌಕರಿ ಹಿಡಿಯಬೇಕಾ?

ಎರಡೂ ಬೇಡ.

ಹವಾಲ್ದಾರ್ ಸಾಹೇಬ್ರೇ, ನಿಮ್ಮ ಪ್ರಶ್ನೆಯಲ್ಲಿ ಬರೆದಿದ್ದೀರಿ: 17 ವರ್ಷ ಸರ್ವಿಸ್, ಸಿವಿಲ್ ಡಿಪ್ಲೊಮಾ, ಮನೆಯವರು ಮಕ್ಕಳು ಹುಬ್ಬಳ್ಳಿಯಲ್ಲಿ ಬಾಡಿಗೆಗೆ. ತಂದೆಯವರು ಆಗಲೇ ಎರಡು ಗುಂಟೆ ಪ್ಲಾಟ್ ನೋಡಿಟ್ಟಿದ್ದಾರೆ, ಕಮ್ಯುಟೇಶನ್ ದುಡ್ಡು (ಪೆನ್ಷನ್‌ನ ಒಂದು ಭಾಗ ಬಿಟ್ಟುಕೊಟ್ಟು ಒಮ್ಮೆಲೇ ಪಡೆಯುವ ಮೊತ್ತ) ಬಂದ ಕೂಡಲೇ ಕೊಟ್ಟುಬಿಡೋಣ ಅಂತಿದ್ದಾರೆ. ಇದನ್ನೆಲ್ಲ ಓದಿ ನನಗೆ ಮೊದಲು ನಗು ಬಂತು, ಆಮೇಲೆ ಭಯ ಆಯಿತು. 2003ರಲ್ಲಿ ನಾನು ಹೀಗೇ ಬಂದಿದ್ದೆ.

ನಾನು ಗದಗ ಕಡೆಯ ಒಕ್ಕಲುತನದ ಮನೆಯವನು. ಪಾಲಿಟೆಕ್ನಿಕ್ ಮುಗಿಸಿ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೇರಿದೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಟ್ರೇನಿಂಗ್, ಆಮೇಲೆ ಸಿಕ್ಕಿಂ, ಜಮ್ಮು, ರಾಜಸ್ಥಾನ. ರಸ್ತೆ ಮಾಡಿದೆವು, ಬೆಯ್ಲಿ ಬ್ರಿಜ್ (ಉಕ್ಕಿನ ಬಿಡಿ ಭಾಗ ಜೋಡಿಸುವ ಸೇತುವೆ) ಹಾಕಿದೆವು. 2001ರ ಡಿಸೆಂಬರ್‌ನಲ್ಲಿ ಸಂಸತ್ ಭವನದ ಮೇಲೆ ದಾಳಿ ಆದ ಮೇಲೆ ಸೇನೆಯೆಲ್ಲ ಪಶ್ಚಿಮ ಗಡಿಗೆ ಹೋಯಿತಲ್ಲ, ಆಗ ನಮ್ಮ ಕೆಲಸ ಮೈನ್ (ನೆಲಬಾಂಬ್) ಹೂಳುವುದು. ಮರುವರ್ಷ ಅದನ್ನೇ ತೆಗೆಯುವುದು. ಹೂಳುವುದಕ್ಕಿಂತ ತೆಗೆಯುವುದು ಕಷ್ಟ. ಅದಕ್ಕೇ ಹೂಳುವಾಗಲೇ ಎಲ್ಲ ಬರೆದಿಡಬೇಕು. ಯಾವ ಗುರುತಿನಿಂದ ಎಷ್ಟು ದೂರ, ಯಾವ ದಿಕ್ಕಿಗೆ, ಯಾವ ಸಾಲಿನಲ್ಲಿ ಎಷ್ಟು, ಕೆಳಗೆ ಸಹಿ. ಆ ಕಾಗದ ತಪ್ಪಿದರೆ ನಮ್ಮವರದೇ ಕಾಲು ಹೋಗುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಅಷ್ಟೊಂದು ಕಾಗದ ಬರೆದ ಮನುಷ್ಯ ಇಡೀ ಸರ್ವಿಸ್‌ನ ದುಡ್ಡನ್ನು ನೂರು ರೂಪಾಯಿ ಬಾಂಡ್ ಪೇಪರ್ ನಂಬಿ ಕೊಟ್ಟುಬಿಟ್ಟ.

ಆಗಿದ್ದು ಹೀಗೆ. ಪೆನ್ಷನ್‌ಗೆ ಇನ್ನೂ ಕೆಲವು ತಿಂಗಳಿದ್ದಾಗ ರಜೆಗೆ ಬಂದಿದ್ದೆ. ನಮ್ಮ ಅಣ್ಣನಿಗೆ ಪರಿಚಯದವನೊಬ್ಬ ಏಜೆಂಟ್. ಅವನೂ ಮಾಜಿ ಸೈನಿಕ. ಗದಗ ರಸ್ತೆ ಕಡೆ ಒಂದು ಹೊಲ ತೋರಿಸಿದ. ಸುಣ್ಣದ ಗೆರೆ ಹಾಕಿ ಗುಂಟೆ ಗುಂಟೆ ಭಾಗ ಮಾಡಿದ್ದರು, ನಡುವೆ ಗರಸು ಹಾಕಿದ ಒಂದು ದಾರಿ. ಎನ್‌ಎ (ಹೊಲವನ್ನು ಮನೆ ಕಟ್ಟುವ ಕೃಷಿಯೇತರ ಜಾಗವಾಗಿ ಬದಲಿಸುವ ಮಂಜೂರಾತಿ) ಆಗಿದೆಯಾ ಅಂತ ಕೇಳಿದೆ. ‘ಡಿಸಿ ಆಫೀಸಿನಾಗ ಫೈಲ್ ಅದ ಸಾಹೇಬ್ರ, ಇನ್ನ ಮೂರು ತಿಂಗಳು. ಎನ್‌ಎ ಆದಮ್ಯಾಗ ರೇಟ್ ಡಬಲ್ ಆಗ್ತದ, ಈಗ ಸಂಚಕಾರ ಕೊಟ್ಟು ಹಿಡ್ಕೊಳ್ರಿ’ ಅಂದ. ಫೌಜಿ ಇನ್ನೊಬ್ಬ ಫೌಜಿಗೆ ಸುಳ್ಳು ಹೇಳುತ್ತಾನಾ? ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ. ನೋಡಿ, ಯೂನಿಟ್‌ನಲ್ಲಿ ಪಕ್ಕದವನನ್ನು ನಂಬದಿದ್ದರೆ ಕೆಲಸವೇ ನಡೆಯುವುದಿಲ್ಲ. ಆ ಅಭ್ಯಾಸ ಡಿಸ್ಚಾರ್ಜ್ ಆದ ದಿನ ಹೋಗುವುದಿಲ್ಲ. ನಮ್ಮಂಥವರ ದುಡ್ಡು ಜಾಸ್ತಿ ಹೋಗುವುದು ಇದೇ ದಾರಿಯಲ್ಲಿ.

ಸಂಚಕಾರ ಕೊಟ್ಟೆ. ಪೆನ್ಷನ್ ಆದಾಗ ಎಷ್ಟು ಕಮ್ಯುಟ್ ಮಾಡಲು ಅವಕಾಶ ಇತ್ತೋ ಅಷ್ಟೂ ಮಾಡಿಸಿದೆ. ಗ್ರಾಚ್ಯುಟಿ ಸೇರಿಸಿ ಪೂರ್ತಿ ಕೊಟ್ಟೆ. ಪ್ರತಿಯಾಗಿ ಸಿಕ್ಕಿದ್ದು ನೋಟರಿ ಸೀಲ್ ಹೊಡೆದ ಒಂದು ಕರಾರು ಪತ್ರ, ಒಂದು ಜಿಪಿಎ (ಮಾಲೀಕನ ಪರವಾಗಿ ವ್ಯವಹಾರ ಮಾಡಲು ಕೊಡುವ ಅಧಿಕಾರ ಪತ್ರ). ಉತಾರದಲ್ಲಿ (ಪಹಣಿಯಲ್ಲಿ) ಹೊಲದ ಮಾಲೀಕನ ಹೆಸರು ಹಾಗೇ ಇತ್ತು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ತಂದೆಯವರು ನೋಡಿದ್ದೂ ಇಂಥದ್ದೇ ಅಂತ ನನ್ನ ಗುಮಾನಿ. ಕರಾರು ಪತ್ರ ಅಂದರೆ ಮುಂದೆ ಮಾರುತ್ತೇನೆ ಅನ್ನುವ ಮಾತು ಮಾತ್ರ. ಅದರಿಂದ ಜಾಗ ನಿಮ್ಮದಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಪತ್ರ ನೋಂದಣಿ ಆದಾಗಲೇ ನಿಮ್ಮದು. ಜಿಪಿಎ ಮೇಲೆ ಮಾರಿದರೆ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ನೋಟರಿ ಸೀಲ್ ನೋಡಿ ‘ಸರ್ಕಾರಿ ಮುದ್ರೆ ಅದ’ ಅನ್ನಬೇಡಿ, ನಾನು ಹಾಗೇ ಅಂದುಕೊಂಡಿದ್ದೆ. ಸಾಗುವಳಿ ಜಮೀನಿನಲ್ಲಿ ಮನೆ ಕಟ್ಟಬೇಕಾದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಎನ್‌ಎ ಆಗಬೇಕು. ಆಮೇಲೆ ಲೇಔಟ್ ನಕ್ಷೆಗೆ ಮಂಜೂರಾತಿ. ಅದಿಲ್ಲದಿದ್ದರೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಈಗ ಒಂದು ಸರ್ವೆ ನಂಬರಿನ ತುಂಡು ಮಾತ್ರ ಖರೀದಿ ಹಾಕಿಸಬೇಕಾದರೂ 11ಇ ನಕ್ಷೆ (ಆ ತುಂಡನ್ನು ಅಳೆದು ಸರ್ವೆ ಇಲಾಖೆ ಕೊಡುವ ನಕ್ಷೆ) ಬೇಕು. ಅದಕ್ಕೇ ಗುಂಟೆ ಪ್ಲಾಟ್ ಮಾರುವವರು ರಜಿಸ್ಟ್ರಿ ಅಂದ ಕೂಡಲೇ ಚಹಾ ತರಿಸುತ್ತಾರೆ.

ಮನೆಗೆ ಬಂದು ಮನೆಯವರಿಗೆ ಹೇಳಿದೆ. ಖುಷಿ ಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು: ‘ಅಲ್ರೀ, ಆ ಹೊಲಾನ? ಅವರ ಅಕ್ಕ-ತಂಗೇರು ಪಾಲು ಬೇಕಂತ ಜಗಳಾ ತಗದಾರಂತ ನಳದ ಮುಂದ ಎಲ್ಲಾರೂ ಮಾತಾಡ್ತಾರ. ನನಗ ಒಂದ್ ಮಾತು ಕೇಳಿದ್ರ ಆಗ್ತಿದ್ದಿಲ್ಲೇನು?’

ಹುಬ್ಬಳ್ಳಿಯಲ್ಲಿ ನಳಕ್ಕೆ ಎಂಟು-ಹತ್ತು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲ ಅದು. ಬಂದಾಗ ಓಣಿಯ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಯಾರ ಹೊಲ ಕೋರ್ಟಿಗೆ ಹೋಗಿದೆ, ಯಾವ ಶಾಲೆಯ ಮಾಸ್ತರ ಚಲೋ ಕಲಿಸುತ್ತಾರೆ, ಮಳೆಗಾಲದಲ್ಲಿ ಯಾವ ಕಡೆ ನೀರು ನುಗ್ಗುತ್ತದೆ, ಎಲ್ಲ ಸುದ್ದಿ ಅಲ್ಲಿತ್ತು. ಆ ಊರಿನಲ್ಲಿ ಒಬ್ಬಳೇ ಬಾಡಿಗೆ ಮನೆ ಹಿಡಿದು, ಹೊಲಿಗೆ ಮಿಷನ್ ಹಾಕಿ, ಎರಡು ಮಕ್ಕಳನ್ನು ಬೆಳೆಸಿದವಳು ಅವಳು. ನಾನು ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದ ನೆಂಟ. ಜಾಗದ ಬಗ್ಗೆ ಅವಳನ್ನು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅವಳಿಗೆ ಏನು ತಿಳಿಯುತ್ತದೆ ಅಂದುಕೊಂಡೆ ಅಂತಲ್ಲ. ಅದನ್ನು ಯೋಚಿಸುವಷ್ಟೂ ಯೋಚಿಸಲಿಲ್ಲ. ಬಾಂಡ್ ಪೇಪರ್ ನನ್ನ ದುಡ್ಡು ತಿಂದಿದ್ದು ಎರಡನೆಯ ಮಾತು. ಅಣ್ಣ, ಏಜೆಂಟ್, ನಾನು ಮೂವರೂ ಹೊಲದಲ್ಲಿ ನಿಂತಿದ್ದಾಗ ಆ ಊರು ಗೊತ್ತಿದ್ದವಳು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ತಪ್ಪು ಆಗಿದ್ದು ಅಲ್ಲಿ.

ಮುಂದಿನದು ಹೇಳಬೇಕಾಗಿಲ್ಲ. ಅಕ್ಕ-ತಂಗಿಯರು ದಾವೆ ಹಾಕಿದರು. ನ್ಯಾಯವಾಗಿ ಅವರೇ ಸರಿ ಅಂತ ನನಗೆ ಆಗಲೂ ಅನಿಸಿತ್ತು, ತಂದೆಯ ಆಸ್ತಿಯಲ್ಲಿ ಪಾಲು ಕೇಳುವುದು ತಪ್ಪಾ? ವರ್ಷಗಟ್ಟಲೆ ತಾರೀಖು ಬಿತ್ತು. ಕೊನೆಗೆ ರಾಜಿ ಆಗಿ ಕೊಟ್ಟ ದುಡ್ಡು ಕಂತುಕಂತಾಗಿ ವಾಪಸ್ ಬಂತು, ಬಡ್ಡಿ ಇಲ್ಲದೆ. ಅಷ್ಟರಲ್ಲಿ ಮಗಳ ಕಾಲೇಜಿಗೆ ಸಾಲ ಮಾಡಿ ಆಗಿತ್ತು. ಕಮ್ಯುಟ್ ಮಾಡಿದ ಪೆನ್ಷನ್ ಪೂರ್ತಿ ಸಿಗಬೇಕಾದರೆ 15 ವರ್ಷ ಕಾಯಬೇಕು, ಆ ಕಡಿತ ತಿಂಗಳು ತಿಂಗಳು ಆಗುತ್ತಲೇ ಇತ್ತು. ಮನೆ ನಡೆದಿದ್ದು ಹೊಲಿಗೆ ಮಿಷನ್ ಮೇಲೆ ಮತ್ತು ನಾನು ಕಟ್ಟಡದ ಕಂತ್ರಾಟುದಾರರ ಹತ್ತಿರ ಸೈಟ್ ಎಂಜಿನಿಯರ್ ಆಗಿ ದುಡಿದದ್ದರ ಮೇಲೆ.

ಇನ್ನೊಂದು ತಮಾಷೆ ಕೇಳಿ. ಆ ಪ್ಲಾಟ್ ಕೈಗೆ ಬಂದಿದ್ದರೂ ಅದು ಅಪ್ಪಟ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮಾಮೂಲಿ ಪಾಯಾ ಹಾಕಿದರೆ ಗೋಡೆ ಸೀಳುತ್ತದೆ. ಎರೆ ತೆಗೆದು ಗರಸು ಸಿಗುವ ತನಕ ಇಳಿಯಬೇಕು, ಇಲ್ಲಾ ಕೆಳಗೆ ಗಡ್ಡೆಯಂತೆ ಉಬ್ಬಿದ ಅಂಡರ್‌ರೀಮ್ಡ್ ಪೈಲ್ ಹಾಕಬೇಕು. ಬೇರೆಯವರ ಮನೆಗೆ ಇದನ್ನೇ ಹೇಳಿ ಸಂಬಳ ತಗೊಂಡೆ. ನನ್ನ ಪ್ಲಾಟಿನಲ್ಲಿ ಒಂದು ಗುಂಡಿ ತೋಡಿ ನೋಡಿರಲಿಲ್ಲ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ಕಡೆ ಹೋದಷ್ಟೂ ಎರೆ. ಧಾರವಾಡದ ಕಡೆ ಕೆಂಪು ಮಣ್ಣು ಸಿಗುತ್ತದೆ, ಈಗ ನಾವು ಇರುವುದು ಅಲ್ಲಿ. ಜಾಗ ಆರಿಸಿದ್ದು ಮನೆಯವರು.

ನಿಮ್ಮ ಮಾತಿಗೆ ಬರುತ್ತೇನೆ. ಮೊದಲ ಒಂದು ವರ್ಷ ಏನೂ ಕೊಳ್ಳಬೇಡಿ. ನಿಮ್ಮ ಮನೆಯವರು ಹಿಡಿದ ಬಾಡಿಗೆ ಮನೆಯಲ್ಲೇ ಇರಿ. ಬಾಡಿಗೆ ದಂಡ ಅನ್ನುವವರ ಮಾತು ಕೇಳಬೇಡಿ, ಆ ದಂಡ ಎಷ್ಟು ಕಡಿಮೆ ಅಂತ ನನಗೆ ಗೊತ್ತು. ಮನೆಯಲ್ಲಿ ನಿಮಗೆ ಜಾಗ ಸಿಗಲೂ ಟೈಮ್ ಬೇಕು. ನಾನು ಬಂದ ಹೊಸದರಲ್ಲಿ ಮಕ್ಕಳನ್ನು ಐದಕ್ಕೆ ಎಬ್ಬಿಸಿ ಚಪ್ಪಲಿ ಸಾಲು ನೋಡುತ್ತಿದ್ದೆ. ‘ಇದು ಬ್ಯಾರಕ್ ಅಲ್ರೀ’ ಅಂತ ಬೈಸಿಕೊಂಡೆ.

ನೌಕರಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಹೆಸರು ಬರೆಸಿ, ಮಾಜಿ ಸೈನಿಕರ ಮೀಸಲಾತಿ ಇರುವ ಪರೀಕ್ಷೆಗಳಿಗೆ ಅರ್ಜಿ ಹಾಕುತ್ತಾ ಇರಿ. ಡಿಪ್ಲೊಮಾ ಇದೆ, ಸೈಟ್ ಮೇಲೆ ಕೆಲಸ ಸಿಗುತ್ತದೆ. ಬಂದ ವಾರವೇ ಯಾರೋ ಕರೆದರು ಅಂತ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಮಾತ್ರ ನಿಲ್ಲಬೇಡಿ. ಕೀಳು ಕೆಲಸ ಅಂತಲ್ಲ, ಒಮ್ಮೆ ಹನ್ನೆರಡು ತಾಸಿನ ಡ್ಯೂಟಿಗೆ ಸಿಕ್ಕಿಕೊಂಡರೆ ಬೇರೆ ಪರೀಕ್ಷೆಗೆ ಓದಲು ಆಗುವುದಿಲ್ಲ.

ಕಮ್ಯುಟೇಶನ್ ಈಗ ಅರ್ಧದ ತನಕ ಮಾಡಬಹುದು. ಡಿಎ ಪೂರ್ತಿ ಪೆನ್ಷನ್ ಮೇಲೇ ಬರುತ್ತದೆ, ಲೆಕ್ಕದಲ್ಲಿ ನಷ್ಟ ಇಲ್ಲ ಅನ್ನುವವರಿದ್ದಾರೆ. ಇರಬಹುದು. ಆದರೆ ಕೈಯಲ್ಲಿ ದೊಡ್ಡ ಮೊತ್ತ ಇದೆ ಅಂತ ಗೊತ್ತಾದರೆ ಪ್ಲಾಟ್ ತೋರಿಸುವವರು ಮನೆ ಹುಡುಕಿಕೊಂಡು ಬರುತ್ತಾರೆ.

ಪ್ಲಾಟಿಗಿಂತ ಮುಂಚೆ ಆಗಬೇಕಾದ ಒಂದು ಕೆಲಸ ನೀವು ಯೂನಿಟ್‌ನಲ್ಲಿ ಇರುವಾಗಲೇ ಮಾಡಿ. ಪಾರ್ಟ್ ಟು ಆರ್ಡರ್‌ನಲ್ಲಿ (ನಿಮ್ಮ ಮನೆಯವರ ವಿವರ ದಾಖಲಾಗುವ ಸೇನೆಯ ಆದೇಶದಲ್ಲಿ) ಹೆಂಡತಿ ಹೆಸರು, ಮಕ್ಕಳ ಜನ್ಮದಿನಾಂಕ ಸರಿಯಾಗಿ ಇದೆಯಾ ನೋಡಿ, ಆಧಾರ್ ಜೊತೆ ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುತ್ತಾರಲ್ಲ, ನನ್ನ ದಾಖಲೆಯಲ್ಲಿ ಅವಳ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು. ರಿಟೈರ್ ಆದ ಮೇಲೆ ಅದನ್ನು ಸರಿಮಾಡಿಸಲು ರೆಕಾರ್ಡ್ ಆಫೀಸಿಗೆ ಪತ್ರ ಬರೆದೂ ಬರೆದೂ ಸಾಕಾಯಿತು. ನಾಳೆ ನಮಗೆ ಏನಾದರೂ ಆದರೆ ಫ್ಯಾಮಿಲಿ ಪೆನ್ಷನ್ ತಡೆಯಾಗುವುದು ಇಂಥ ಅಕ್ಷರದ ತಪ್ಪಿನಿಂದಲೇ.

ತಂದೆಯವರಿಗೆ ಬೇಜಾರಾಗುತ್ತದೆ, ಏನು ಹೇಳಲಿ ಅಂದಿದ್ದೀರಿ. ಬೇಡ ಅನ್ನಬೇಡಿ, ಸರ್ವೆ ನಂಬರ್ ಕೇಳಿ. ಉತಾರ ಈಗ ಸರ್ಕಾರದ ‘ಭೂಮಿ’ ವೆಬ್‌ಸೈಟಿನಲ್ಲೇ ಸಿಗುತ್ತದೆ, ಗಡಿಯಲ್ಲಿ ಕೂತೂ ನೋಡಬಹುದು. 9ನೇ ಕಾಲಂನಲ್ಲಿ ಎಷ್ಟು ಜನರ ಹೆಸರಿದೆ, 11ರಲ್ಲಿ ಸಾಲ, ತಕರಾರು ಏನಿದೆ ನೋಡಿ. ಆಮೇಲೆ ಮನೆಗೆ ಫೋನ್ ಮಾಡಿ, ಆ ಹೊಲದ ಬಗ್ಗೆ ಓಣಿಯಲ್ಲಿ ಏನು ಮಾತಿದೆ ಅಂತ ನಿಮ್ಮ ಮನೆಯವರನ್ನು ಕೇಳಿ. ಅವರು ಏನಂದರು ಅಂತ ಇಲ್ಲಿ ಕೆಳಗೆ ಬರೆಯಿರಿ, ಅಲ್ಲಿಯ ತನಕ ಸಂಚಕಾರ ಅಂತ ಒಂದು ರೂಪಾಯಿಯೂ ಕೊಡಬೇಡಿ.