ಕ್ಯಾಸೆಟ್ಟಿನ ಚಿತ್ರ ಕಪ್ಪು-ಬಿಳುಪಾಗಿ ಉರುಳುತ್ತಿರುವ ಬಗ್ಗೆ

ಗಂಗಾವತಿಯ ಸ್ನೇಹಿತರೇ, ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನದಿಂದ ಲ್ಯಾಪ್‌ಟಾಪಿಗೆ ಇಳಿಸುವಾಗ ಚಿತ್ರ ಕಪ್ಪು-ಬಿಳುಪಾಗಿ ಮೇಲಕ್ಕೆ ಉರುಳುತ್ತದೆ, ಅದೇ ಕ್ಯಾಸೆಟ್ಟು ಟಿವಿಯಲ್ಲಿ ಬಣ್ಣದಲ್ಲೇ ಕಾಣುತ್ತದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಕ್ಯಾಸೆಟ್ಟಿನಲ್ಲಿ ದೋಷವಿಲ್ಲ; ಚಿತ್ರ ಇಳಿಸುವ ತಂತ್ರಾಂಶವು ಎನ್‌ಟಿಎಸ್‌ಸಿ ಎಂಬ, ಅಮೆರಿಕ ಮೊದಲಾದ ದೇಶಗಳ ವಿಡಿಯೊ ಪದ್ಧತಿಯಲ್ಲೇ ಉಳಿದಿರುವುದು ಬಹುಮಟ್ಟಿಗೆ ಕಾರಣವಾಗಿರುತ್ತದೆ. ನಮ್ಮ ದೇಶದಲ್ಲಿ ಚಿತ್ರೀಕರಿಸಿದ ಕ್ಯಾಸೆಟ್ಟುಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮುಗಳ, 625 ಗೆರೆಗಳ ಪಾಲ್ ಪದ್ಧತಿಯವು. ಒಬಿಎಸ್ ಎಂಬ ವಿಡಿಯೊ ದಾಖಲಿಸುವ ತಂತ್ರಾಂಶ ಬಳಸುತ್ತಿದ್ದರೆ, ಸಾಧನದ ಪ್ರಾಪರ್ಟೀಸ್‌ನಲ್ಲಿ ‘ಕಾನ್ಫಿಗರ್ ವಿಡಿಯೊ’ ತೆರೆದು ಪಾಲ್‌ನ ಒಂದು ಬಗೆಯಾದ ಪಾಲ್-ಬಿ ಆರಿಸಿ, ಗಾತ್ರವನ್ನು 720×576 ಎಂದು ಇರಿಸಿರಿ. ಬಳ್ಳಾರಿಯ ನಮ್ಮ ಮನೆಯ ಕ್ಯಾಸೆಟ್ಟಿಗೂ ಇದೇ ಆಗಿತ್ತು. ಪಾಲ್-ಬಿ ಆರಿಸಿದೊಡನೆ ಚಪ್ಪರದ ಬೂದು ತೋರಣ ಮಾವಿನೆಲೆಯ ಹಸಿರಿಗೆ ತಿರುಗಿ ಸ್ಥಿರವಾಗಿ ನಿಂತಿತು, ಅಮ್ಮನ ಸೀರೆಯ ಬಣ್ಣವೂ ಮರಳಿತು. ನಡುನಡುವೆ ಚಿತ್ರ ತಡವರಿಸಿದರೆ ಯುಎಸ್‌ಬಿ ಹಬ್ ತೆಗೆದು ಸಾಧನವನ್ನು ನೇರವಾಗಿ ಲ್ಯಾಪ್‌ಟಾಪಿನ ಪೋರ್ಟಿಗೆ ಜೋಡಿಸಿರಿ.