ಬಿಚ್ಚಿದ ಮೇಲೆ ಏರುವ ಬಿಲ್ಲು: ಸ್ಪೋರ್ಟ್ಸ್ ಕಾರಿನ ಪ್ರಶ್ನೋತ್ತರ

ಪ್ರಶ್ನೆ: ಸರ್, ನನ್ನ ನಿಸ್ಸಾನ್ 370ಝಡ್ ಕಾರಿನ ಕ್ಲಚ್ ಪೆಡಲು ಒತ್ತಿದರೆ ನೆಲಕ್ಕೇ ಕೂತುಬಿಡುತ್ತದೆ, ಕಾಲಿನ ತುದಿಯಿಂದ ಎತ್ತಬೇಕು. ಗ್ಯಾರೇಜಿನವರು ಕೊಟ್ಟ ಅಂದಾಜಿನಲ್ಲಿ ಪಾರ್ಟಿನ ಬೆಲೆ ಸಣ್ಣದು, ಲೇಬರ್ ಅದರ ಎಷ್ಟೋ ಪಟ್ಟು. ಇದು ಮೋಸವಲ್ಲವೇ?

ಉತ್ತರ: ಮೋಸವಲ್ಲ. ಸ್ಪೋರ್ಟ್ಸ್ ಕಾರಿನ ಖರ್ಚು ಹೇಗೆ ಹುಟ್ಟುತ್ತದೆ ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು, ಅದಕ್ಕೇ ನಿಮ್ಮ ಪತ್ರವನ್ನು ಮೊದಲು ತೆಗೆದುಕೊಂಡೆ.

ಎಷ್ಟೋ ಕಾರುಗಳಲ್ಲಿ ಪೆಡಲಿನ ಒತ್ತಡವನ್ನು ಆಯಿಲ್ ಮೂಲಕ ಪಡೆದು ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಹೊರಮೈಗೆ ಎರಡು ಬೋಲ್ಟಿನಲ್ಲಿ ಕೂತಿರುತ್ತದೆ. ನಿಮ್ಮ ಕಾರಿನಲ್ಲಿ ಅದು ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚದ) ಒಳಗೆ, ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಸುತ್ತ ಉಂಗುರದ ಹಾಗೆ ಕೂತಿದೆ. ಕ್ಲಚ್ಚಿನ ಬಿಸಿಯನ್ನೆಲ್ಲ ಅದು ತಿನ್ನುತ್ತದೆ, ಒಳಗಿನ ಸೀಲು ಸೋರುತ್ತದೆ, ಒತ್ತಡ ಹೋದ ಪೆಡಲು ಮೇಲೆ ಬರುವುದಿಲ್ಲ. ಅದನ್ನು ಮುಟ್ಟಬೇಕಾದರೆ ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟು, ಕೊನೆಗೆ ಗೇರ್ ಬಾಕ್ಸು, ಎಲ್ಲ ಇಳಿಯಬೇಕು. ನೀವು ಹಣ ಕೊಡುತ್ತಿರುವುದು ಆ ಉಂಗುರಕ್ಕಲ್ಲ, ಅದರ ತನಕ ಕೈ ಹೋಗುವ ದಾರಿಗೆ.

ದಾರಿ ತೆರೆದ ಮೇಲೆ ಆ ಉಂಗುರ ಮಾತ್ರ ಬದಲಿಸಿ ಮುಚ್ಚಬೇಡಿ. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಪೈಲಟ್ ಬೇರಿಂಗು ಮತ್ತು ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು ನೋಡಿಸಿ, ಫ್ಲೈವೀಲಿನ ಮುಖ ಸುಟ್ಟಿದೆಯೇ ಎಂದೂ ಕೇಳಿ. ಇವುಗಳಲ್ಲಿ ಯಾವುದು ಮುಂದಿನ ವರ್ಷ ಕೈಕೊಟ್ಟರೂ ಇದೇ ಲೇಬರನ್ನು ಇನ್ನೊಮ್ಮೆ ಕೊಡಬೇಕಾಗುತ್ತದೆ. ಮೊದಲಿದ್ದಂಥ ಸಿಲಿಂಡರನ್ನೇ ಹಾಕಿಸುವ ಬದಲು, ಅದನ್ನು ಬೆಲ್ ಹೌಸಿಂಗಿನಿಂದ ಹೊರಗೆ ತರುವ ಬದಲಾವಣೆ ಕಿಟ್ಟುಗಳಿವೆ. ಪಾರ್ಟಿಗೆ ಸ್ವಲ್ಪ ಹೆಚ್ಚಾದರೂ ನಾನಾಗಿದ್ದರೆ ಅದನ್ನೇ ಹಾಕಿಸುತ್ತಿದ್ದೆ.

ಇದೇ ಕಾರಿನಲ್ಲಿ ಇನ್ನೊಂದನ್ನು ಗಮನಿಸಿ. ಮುಂಭಾಗದ ಟೈಮಿಂಗ್ ಕವರಿನ ಹಿಂದೆ ಆಯಿಲ್ ಹರಿಯುವ ದಾರಿಗೆ ಒಂದು ಪೇಪರ್ ಪ್ಯಾಕಿಂಗ್ ಇದೆ. ಮೊದಲ ವರ್ಷಗಳ 370ಝಡ್‌ಗಳಲ್ಲಿ ಅದು ಹರಿದು ಆಯಿಲ್ ಪ್ರೆಷರ್ ಬೀಳುತ್ತದೆ. ಈ ಕಾರಿನ ಜೊತೆ ಆಯಿಲ್ ಪ್ರೆಷರ್ ಮೀಟರು ಬರುವುದಿಲ್ಲ, ಒಂದನ್ನು ಹಾಕಿಸಿ. ಇಂಜಿನ್ ಪೂರ್ತಿ ಬಿಸಿಯಾಗಿ ಐಡಲ್‌ನಲ್ಲಿ ನಿಂತಾಗ ಪ್ರೆಷರ್ ಮುಳ್ಳು ಎಲ್ಲಿದೆ ಎಂದು ನೋಡುವ ಅಭ್ಯಾಸ ಇರಲಿ. ಮೊದಲಿಗಿಂತ ಕೆಳಗಿಳಿದಿದ್ದರೆ ಓಡಿಸುವುದನ್ನು ನಿಲ್ಲಿಸಿ. ಪ್ಯಾಕಿಂಗಿನ ಬೆಲೆ ಏನೂ ಅಲ್ಲ, ಆದರೆ ಅಲ್ಲಿಗೆ ಹೋಗುವ ದಾರಿ ಇದಕ್ಕಿಂತಲೂ ಉದ್ದ.

ಪ್ರಶ್ನೆ: ಹಳೆಯ ಪೋರ್ಷೆ 911 ಕೊಳ್ಳುವ ಆಸೆ ಬಹಳ ದಿನಗಳಿಂದ ಇದೆ. ಅದರ 996 ಮತ್ತು 997 ತಲೆಮಾರುಗಳೆರಡೂ ನನ್ನ ಕೈಗೆಟಕುವಂತಿವೆ. ಆದರೆ ಐಎಂಎಸ್ ಬೇರಿಂಗ್ ಹೋದರೆ ಇಂಜಿನ್ನೇ ಹೋಯಿತು ಎಂದು ಎಲ್ಲರೂ ಹೆದರಿಸುತ್ತಾರೆ. ನಿಜವೇ? ಯಾವುದನ್ನು ಕೊಳ್ಳಲಿ?

ಉತ್ತರ: ನಿಜ. ಆದರೆ ಜನ ಹೆದರುವಷ್ಟು ಅಲ್ಲ, ಹೆದರಬೇಕಾದ ಜಾಗದಲ್ಲೂ ಅಲ್ಲ.

ಮೊದಲು ಆ ಬೇರಿಂಗ್ ಏನೆಂದು ತಿಳಿಯಿರಿ. ಈ ಇಂಜಿನ್ನಿನಲ್ಲಿ ಕ್ರ್ಯಾಂಕು ನೇರವಾಗಿ ವಾಲ್ವು ತೆರೆಯುವ ಕ್ಯಾಮ್‌ಗಳನ್ನು ತಿರುಗಿಸುವುದಿಲ್ಲ. ನಡುವೆ ಒಂದು ಶಾಫ್ಟಿದೆ, ಅದೇ ಇಂಟರ್‌ಮೀಡಿಯೇಟ್ ಶಾಫ್ಟ್ (ಐಎಂಎಸ್). ಅದರ ಫ್ಲೈವೀಲ್ ಕಡೆಯ ತುದಿಯನ್ನು ಹಿಡಿದಿರುವುದು ಮುಚ್ಚಿದ ಬಾಲ್ ಬೇರಿಂಗು. ವರ್ಷಗಳು ಕಳೆದಂತೆ ಸೀಲು ಗಟ್ಟಿಯಾಗಿ, ಒಳಗಿನ ಗ್ರೀಸು ಆಯಿಲ್‌ನಲ್ಲಿ ತೊಳೆದುಹೋಗುತ್ತದೆ, ಹೊಸ ಆಯಿಲ್ ಮಾತ್ರ ಸರಿಯಾಗಿ ಒಳಗೆ ಹೋಗುವುದಿಲ್ಲ. ಬೇರಿಂಗು ಸವೆದು ಒಡೆದರೆ ಟೈಮಿಂಗ್ ತಪ್ಪಿ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ.

ಬಾಕ್‌ಸ್ಟರ್ (ಪೋರ್ಷೆಯ ಇನ್ನೊಂದು ಕಾರು) ಮತ್ತು 996ರ ಮೊದಲ ಕಾರುಗಳಲ್ಲಿ ಎರಡು ಸಾಲಿನ ಬೇರಿಂಗಿತ್ತು. 2000ದ ನಂತರ ಬಂದ ಒಂದೇ ಸಾಲಿನದೇ ಹೆಚ್ಚು ತೊಂದರೆಯದು. ಅಮೆರಿಕದಲ್ಲಿ 2001ರಿಂದ 2005ರ ಮಾದರಿಗಳ ಮಾಲೀಕರ ಪರವಾಗಿ ನಡೆದ ಸಾಮೂಹಿಕ ಮೊಕದ್ದಮೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. 997ರ ಮೊದಲ ಸರಣಿಯಲ್ಲಿ, ಆರಂಭದ ಕೆಲವು ಕಾರುಗಳನ್ನು ಬಿಟ್ಟರೆ, ದೊಡ್ಡ ಬೇರಿಂಗಿದೆ. ಅದು ಬಹಳ ಗಟ್ಟಿ, ಆದರೆ ಬದಲಿಸಬೇಕೆಂದರೆ ಇಂಜಿನ್ನನ್ನೇ ಸೀಳಬೇಕು. 2009ರ ಮಾದರಿಯಿಂದ ಬಂದ ಹೊಸ ಇಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಆಗಿನ 911 ಟರ್ಬೊ ಮತ್ತು ಜಿಟಿ3ಗಳ ಇಂಜಿನ್ ಬೇರೆಯೇ ಆದ್ದರಿಂದ ಅವಕ್ಕೂ ಈ ಮಾತು ಅನ್ವಯಿಸುವುದಿಲ್ಲ.

996 ಕೊಂಡರೆ ಕ್ಲಚ್ ಹಾಕಿಸುವ ದಿನವೇ ಈ ಬೇರಿಂಗನ್ನೂ ಹಾಕಿಸಿ. ಎರಡಕ್ಕೂ ಬಾಗಿಲು ಒಂದೇ: ಗೇರ್ ಬಾಕ್ಸು, ಕ್ಲಚ್ಚು, ಫ್ಲೈವೀಲು ಹೊರಬಂದರೆ ಎದುರಿಗೇ ಅದರ ಮುಚ್ಚಳ. ಈ ಕಾರುಗಳಲ್ಲಿ ಪದೇ ಪದೇ ಜಿನುಗುವ ಹಿಂದಿನ ಆಯಿಲ್ ಸೀಲು ಕೂಡ ಅಲ್ಲೇ ಇದೆ. ಮಾರುವವರು ‘ಬೇರಿಂಗ್ ಹಾಕಿಸಿದ್ದೇನೆ’ ಎಂದರೆ ಬಿಲ್ಲು ಕೇಳಿ, ಯಾವ ಬಗೆಯದು ಹಾಕಿದ್ದಾರೆ ಎಂದೂ ಕೇಳಿ. ಬದಲಿ ಬೇರಿಂಗುಗಳಲ್ಲಿ ಕೆಲವಕ್ಕೆ ಇಷ್ಟು ಓಡಿದ ಮೇಲೆ ಮತ್ತೆ ಬದಲಿಸಿ ಎಂಬ ಅವಧಿಯಿದೆ.

ಈಗ ನಿಜವಾಗಿ ಹೆದರಬೇಕಾದದ್ದು: ಸಿಲಿಂಡರ್ ಗೋಡೆಯ ಗೀರು. ನನ್ನ ಲಿಫ್ಟಿನ ಮೇಲೆ ಬಂದ ಈ ಕಾಲದ 911ಗಳಲ್ಲಿ ಮಾಲೀಕರ ಮುಖ ಕಪ್ಪಿಟ್ಟದ್ದು ಬೇರಿಂಗಿನಿಂದಲ್ಲ, ಇದರಿಂದ. 997ರ ಮೊದಲ ಸರಣಿಯ 3.8 ಲೀಟರ್ ಇಂಜಿನ್ನಿನಲ್ಲಿ ಇದು ಹೆಚ್ಚು. ಪಿಸ್ಟನ್ನು ಮತ್ತು ಗೋಡೆಯ ನಡುವಿನ ಆಯಿಲ್ ಪದರ ತೆಳುವಾದಾಗ ಗೋಡೆ ಕೆರೆಯುತ್ತದೆ. ತಣ್ಣಗಿರುವಾಗಲೇ ಜೋರಾಗಿ ಓಡಿಸುವುದು, ಬಿಸಿಯಾಗುವ ಮೊದಲೇ ನಿಲ್ಲಿಸುವ ಸಣ್ಣ ಓಡಾಟ ಎರಡೂ ಇದಕ್ಕೆ ದಾರಿ ಮಾಡುತ್ತವೆ. ಗುರುತುಗಳು ಮೂರು: ಒಂದು ಬದಿಯ ಸೈಲೆನ್ಸರ್ ತುದಿ ಮಾತ್ರ ಮಸಿ ಹಿಡಿಯುವುದು, ಆಯಿಲ್ ಕುಡಿಯುವುದು ಹೆಚ್ಚುವುದು, ಐಡಲ್‌ನಲ್ಲಿ ಟಕ್ ಟಕ್ ಸದ್ದು. ಸ್ಕ್ಯಾನರಿಗೆ ಇದು ಸಿಗುವುದಿಲ್ಲ. ಕಂಪ್ರೆಷನ್ ಪರೀಕ್ಷೆಯಲ್ಲಿ ಪಾಸಾದ ಇಂಜಿನ್ನಿನ ಒಳಗೂ ಗೀರು ಇರಬಹುದು. ಕ್ಯಾಮೆರಾ ಇಳಿಸಿಯೇ ನೋಡಬೇಕು. ಪ್ಲಗ್ಗಿನ ತೂತಿನಿಂದ ನೋಡಿದರೆ ಗೋಡೆಯ ಮೇಲ್ಭಾಗ ಮಾತ್ರ ಕಾಣುತ್ತದೆ. ಗೀರು ಶುರುವಾಗುವುದು ಕೆಳಗೆ, ಆದ್ದರಿಂದ ಆಯಿಲ್ ಚೇಂಬರ್ ತೆಗೆದು ಕೆಳಗಿನಿಂದ ನೋಡಿಸಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಕಾರು ಎಷ್ಟೇ ಹೊಳೆಯುತ್ತಿರಲಿ, ಬಿಟ್ಟು ಬನ್ನಿ. ಗೀರು ಬಿದ್ದ ಇಂಜಿನ್ನಿಗೆ ಸಣ್ಣ ರಿಪೇರಿ ಇಲ್ಲ. ಪೂರ್ತಿ ಬಿಚ್ಚಿ ಹೊಸ ಲೈನರ್, ಹೊಸ ಪಿಸ್ಟನ್ ಹಾಕಬೇಕು.

ನನ್ನ ಆಯ್ಕೆ ಕೇಳಿದ್ದೀರಿ. ಹಣ ಹೊಂದಿದರೆ 2009ರ ಮಾದರಿಯಿಂದ ಈಚಿನ 997. ಹೊಂದದಿದ್ದರೆ ಬೇರಿಂಗ್ ಬಿಲ್ಲು ಇರುವ 996.

ಪ್ರಶ್ನೆ: ವಾರಂಟಿ ಇರುವ ಹೊಸ ಕಾರಿಗೆ ಇವೆಲ್ಲ ಬರುವುದಿಲ್ಲ ತಾನೇ?

ಉತ್ತರ: ಬರುತ್ತದೆ, ಬಿಲ್ಲು ನಿಮ್ಮದಾಗುವುದಿಲ್ಲ ಅಷ್ಟೇ. 2014ರಲ್ಲಿ ಪೋರ್ಷೆ ತನ್ನ ಹೊಚ್ಚ ಹೊಸ 911 ಜಿಟಿ3 ಕಾರುಗಳನ್ನು ಓಡಿಸಬೇಡಿ ಎಂದು ಮಾಲೀಕರಿಗೆ ತಿಳಿಸಿ, 785 ಕಾರುಗಳ ಇಂಜಿನ್ನನ್ನೇ ಬದಲಿಸಿತು. ಕನೆಕ್ಟಿಂಗ್ ರಾಡಿನ ಬೋಲ್ಟು ಸಡಿಲವಾಗಿ ಇಂಜಿನ್ ಒಡೆದು ಎರಡು ಕಾರುಗಳಿಗೆ ಬೆಂಕಿ ಹತ್ತಿತ್ತು. ಕಂಪನಿಯ ಇಂಥ ಪತ್ರ ಬಂದ ದಿನವೇ ಕಾರು ನಿಲ್ಲಿಸಿ. ಹಳೆಯ ಕಾರು ಕೊಳ್ಳುವಾಗಲೂ ಚಾಸಿ ನಂಬರು ಕೊಟ್ಟು ಬಾಕಿ ರೀಕಾಲ್ ಇದೆಯೇ ಎಂದು ಕೇಳಿ. ಅದಕ್ಕೆ ಹಣ ಕೊಡಬೇಕಿಲ್ಲ.

ಪ್ರಶ್ನೆ: ನಿಸ್ಸಾನ್ ಜಿಟಿ-ಆರ್ ಕೊಂಡಿದ್ದೇನೆ. ನಿಂತಾಗ ಗಾಡಿಯ ಮಧ್ಯದಿಂದ ಗಲಗಲ ಸದ್ದು. ಗೇರ್ ಬಾಕ್ಸ್ ಹೋಯಿತೇ? ಡ್ಯುಯಲ್ ಕ್ಲಚ್ ಗೇರ್ ಬಾಕ್ಸಿಗೆ ಆಯಿಲ್ ಬದಲಿಸುವುದೇ ಬೇಡ ಎಂದವರೂ ಇದ್ದಾರೆ.

ಉತ್ತರ: ಸದ್ದು ಮಧ್ಯದಿಂದ, ಐಡಲ್‌ನಲ್ಲಿ ಬರುತ್ತಿದ್ದರೆ ಮೊದಲ ಅನುಮಾನ ಬೆಲ್ ಹೌಸಿಂಗಿನ ಬೇರಿಂಗಿನ ಮೇಲೆ. ಜಿಟಿ-ಆರ್‌ನಲ್ಲಿ ಇಂಜಿನ್ ಮುಂದೆ, ಗೇರ್ ಬಾಕ್ಸು ಹಿಂದೆ. ಫ್ಲೈವೀಲಿನಿಂದ ಹೊರಟ ಶಾಫ್ಟನ್ನು ಮುಂದೆ ಹಿಡಿದಿರುವ ಬೇರಿಂಗು ತನ್ನ ಜಾಗದಲ್ಲಿ ಸಡಿಲವಾಗುತ್ತದೆ. ಗೇರ್ ಬಾಕ್ಸಿನ ರಿಪೇರಿಗೆ ಹೋಲಿಸಿದರೆ ಇದು ಚಿಕ್ಕ ಕೆಲಸ. ಬಿಚ್ಚಿ ನೋಡದೆ ‘ಗೇರ್ ಬಾಕ್ಸ್ ಓವರ್‌ಹಾಲ್’ ಎಂದು ಬರೆದುಕೊಟ್ಟ ಅಂದಾಜಿಗೆ ಸಹಿ ಹಾಕಬೇಡಿ.

ಆಯಿಲ್ ಬೇಡ ಎಂದವರ ಮಾತು ಕೇಳಬೇಡಿ. ನಿಮ್ಮ ಗೇರ್ ಬಾಕ್ಸಿನಲ್ಲಿ ಒಂದು ಕ್ಲಚ್ಚು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಎರಡೂ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಅವು ಸವೆದ ಪುಡಿಯೂ ಅದೇ ಆಯಿಲ್‌ನಲ್ಲೇ ತಿರುಗುತ್ತದೆ. ಅದೇ ಆಯಿಲ್ ಸೊಲೆನಾಯ್ಡುಗಳ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವುಗಳ) ಸಣ್ಣ ತೂತುಗಳಲ್ಲಿ ಹೋಗಿ ಗೇರ್ ಬದಲಿಸಬೇಕು. ಕಂಪನಿ ಹೇಳಿದ ಆಯಿಲ್ಲನ್ನೇ ಹೇಳಿದ ಅವಧಿಯಲ್ಲಿ ಹಾಕಿಸಿ. ಟ್ರ್ಯಾಕಿಗೆ ಹೋಗುವವರು ಇನ್ನೂ ಬೇಗ. ನಿಂತಲ್ಲಿಂದ ಅತಿ ವೇಗವಾಗಿ ಹೊರಡಿಸುವ ಲಾಂಚ್ ಕಂಟ್ರೋಲಿನ ಆಸೆ ಬಿಡಿ: ಮೊದಮೊದಲ ಜಿಟಿ-ಆರ್‌ಗಳಲ್ಲಿ ಅದರಿಂದ ಗೇರ್ ಬಾಕ್ಸುಗಳು ಮುರಿದ ಮೇಲೆ ಕಂಪನಿಯೇ ತಂತ್ರಾಂಶ ತಿದ್ದಿ, ಕಡಿಮೆ ಆರ್‌ಪಿಎಂನಲ್ಲಿ ಹೊರಡುವಂತೆ ಮಾಡಿತು.

ಇದು ಜಿಟಿ-ಆರ್‌ಗೆ ಮಾತ್ರ ಹೇಳುವ ಮಾತಲ್ಲ. ಪೋರ್ಷೆಯ ಡ್ಯುಯಲ್ ಕ್ಲಚ್ ಗೇರ್ ಬಾಕ್ಸಾದ ಪಿಡಿಕೆಯಲ್ಲಿ ಒಳಗಿನ ಸೆನ್ಸರ್ ಒಂದು ಕೆಟ್ಟದ್ದಕ್ಕೆ ಇಡೀ ಗೇರ್ ಬಾಕ್ಸನ್ನೇ ಬದಲಿಸಿದ ಉದಾಹರಣೆಗಳಿವೆ. ಒಳಗಿನ ಪಾರ್ಟು ಬಿಡಿಯಾಗಿ ಸಿಗುತ್ತದೆಯೇ, ಅದನ್ನು ಹಾಕುವ ಕೈ ಎಲ್ಲಿದೆ ಎಂದು ವಿಚಾರಿಸದೆ ದೊಡ್ಡ ಬಿಲ್ಲಿಗೆ ಒಪ್ಪಬೇಡಿ.

ಪ್ರಶ್ನೆ: ನನ್ನದು ವಿ8 ಇಂಜಿನ್ನಿನ ಬಿಎಂಡಬ್ಲ್ಯು ಎಂ3. ಏನೂ ಸದ್ದಿಲ್ಲ, ಚೆನ್ನಾಗಿ ಓಡುತ್ತಿದೆ. ಆದರೂ ರಾಡ್ ಬೇರಿಂಗ್ ಹಾಕಿಸಿ ಎನ್ನುತ್ತಾರೆ. ಸುಮ್ಮನೆ ಯಾಕೆ ಬಿಚ್ಚಿಸಲಿ?

ಉತ್ತರ: ಸದ್ದು ಬಂದ ಮೇಲೆ ಬಿಚ್ಚಿಸಿದರೆ ಕ್ರ್ಯಾಂಕು ಉಳಿದಿರುವುದಿಲ್ಲ. ನಿಮ್ಮ ಇಂಜಿನ್ 8,400 ಆರ್‌ಪಿಎಂವರೆಗೆ ತಿರುಗುತ್ತದೆ, ಕ್ರ್ಯಾಂಕು ಮತ್ತು ಅದನ್ನು ಪಿಸ್ಟನ್ ರಾಡಿನ ತುದಿಯಲ್ಲಿ ಹಿಡಿದಿರುವ ರಾಡ್ ಬೇರಿಂಗಿನ ನಡುವೆ ಬಿಟ್ಟ ಸಂದು ಬಹಳ ಕಡಿಮೆ, ಹಾಕುವ 10ಡಬ್ಲ್ಯು-60 ಆಯಿಲ್ ದಪ್ಪ. ತಣ್ಣಗಿರುವಾಗ ಆ ದಪ್ಪ ಆಯಿಲ್ ಅಷ್ಟು ಸಣ್ಣ ಸಂದಿಗೆ ಸಾಕಷ್ಟು ಹೋಗುವುದಿಲ್ಲ. ಪ್ರತಿ ಆಯಿಲ್ ಬದಲಾವಣೆಯಲ್ಲೂ ಸ್ವಲ್ಪ ಆಯಿಲ್ಲನ್ನು ಲ್ಯಾಬಿಗೆ ಕಳಿಸಿ. ಸೀಸ, ತಾಮ್ರದ ಅಂಶ ಏರುತ್ತಿದ್ದರೆ ಬೇರಿಂಗು ಸವೆಯುತ್ತಿದೆ. ಒಳ್ಳೆಯ ಸುದ್ದಿ ಎಂದರೆ ಇದಕ್ಕೆ ಇಂಜಿನ್ ಇಳಿಸಬೇಕಿಲ್ಲ. ಇಂಜಿನ್ನನ್ನು ಮೇಲಿನಿಂದ ತೂಗುಹಾಕಿ, ಮುಂದಿನ ಸಬ್‌ಫ್ರೇಮು ಇಳಿಸಿ, ಆಯಿಲ್ ಚೇಂಬರ್ ಬಿಚ್ಚಿದರೆ ಬೇರಿಂಗು ಕೈಗೆ ಸಿಗುತ್ತದೆ. ಹೊಸ ಇಂಜಿನ್ನಿನ ಬೆಲೆಯ ಮುಂದೆ ಇದು ತೀರ ಸಣ್ಣ ಖರ್ಚು.

ಆರ್‌ಪಿಎಂ ಮೀಟರಿನಲ್ಲಿ ಇಂಜಿನ್ ತಣ್ಣಗಿರುವಾಗ ಎಚ್ಚರಿಕೆಯ ಬಣ್ಣ ಕೆಳಗಿನಿಂದಲೇ ಶುರುವಾಗಿ, ಬಿಸಿಯಾದಂತೆ ಮೇಲೆ ಸರಿಯುವುದನ್ನು ನೋಡಿದ್ದೀರಲ್ಲ? ಇಂಜಿನ್ ಮಾಡಿದವರೇ ಇಟ್ಟ ಗೆರೆ ಅದು. ಅದು ಪೂರ್ತಿ ಮೇಲೆ ಸರಿಯುವ ತನಕ ದಾಟಬೇಡಿ.

ಪ್ರಶ್ನೆ: ಟ್ರ್ಯಾಕಿನಲ್ಲಿ ನಾಲ್ಕೈದು ಸುತ್ತು ಹಾಕಿದ ಮೇಲೆ ಬ್ರೇಕ್ ಪೆಡಲು ಮೆತ್ತಗಾಗುತ್ತದೆ. ಕಾರ್ಬನ್ ಸೆರಾಮಿಕ್ ಡಿಸ್ಕು, ಪ್ಯಾಡೂ ದಪ್ಪವಾಗೇ ಇದೆ. ಡಿಸ್ಕು ಬದಲಿಸಬೇಕೇ?

ಉತ್ತರ: ಮೊದಲು ಬ್ರೇಕ್ ಆಯಿಲ್ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದ್ದ ಆಯಿಲ್‌ನಲ್ಲಿ ಗುಳ್ಳೆ ಏಳುತ್ತದೆ, ಪೆಡಲು ಗುಳ್ಳೆಯನ್ನು ಒತ್ತುತ್ತದೆ. ಇಲ್ಲಿ ಹೇಳಿದ ಕೆಲಸಗಳಲ್ಲಿ ಅತಿ ಅಗ್ಗದ್ದು ಇದೇ, ಜೀವ ಉಳಿಸುವುದೂ ಇದೇ.

ಸೆರಾಮಿಕ್ ಡಿಸ್ಕಿನ ಸವೆತವನ್ನು ದಪ್ಪದಿಂದ ಅಳೆದು ತೀರ್ಮಾನಿಸಲಾಗದು. ಟ್ರ್ಯಾಕಿನ ಬಿಸಿಗೆ ಒಳಗಿನ ಕಾರ್ಬನ್ನು ಸುಟ್ಟು ತೂಕ ಇಳಿಯುತ್ತದೆ. ಡಿಸ್ಕಿನ ಮೇಲೆ ಕನಿಷ್ಠ ತೂಕ ಬರೆದಿರುತ್ತಾರೆ, ಬಿಚ್ಚಿ ತೂಗಿಸಿ ನೋಡಿ. ಚಕ್ರ ತೆಗೆಯುವಾಗ ರಿಮ್ಮು ಡಿಸ್ಕಿನ ಅಂಚಿಗೆ ಬಡಿದು ಚಕ್ಕೆ ಏಳುವುದುಂಟು. ಬೋಲ್ಟಿನ ತೂತಿಗೆ ಗೈಡ್ ಪಿನ್ನು ಹಾಕಿಯೇ ಚಕ್ರ ತೆಗೆಯಿರಿ ಎಂದು ಟೈರಿನವರಿಗೆ ಮೊದಲೇ ಹೇಳಿ. ಪದೇ ಪದೇ ಟ್ರ್ಯಾಕಿಗೆ ಹೋಗುವವರಾದರೆ ಸೆರಾಮಿಕ್ ಡಿಸ್ಕುಗಳನ್ನು ಬಿಚ್ಚಿ ಜೋಪಾನವಾಗಿ ಇಟ್ಟು, ಕಬ್ಬಿಣದ ಡಿಸ್ಕು ಹಾಕಿ ಓಡಿಸಿ. ತೂಕ ಹೆಚ್ಚುತ್ತದೆ, ನಿಜ. ಆದರೆ ಸವೆದಾಗ ಬದಲಿಸುವ ಧೈರ್ಯ ಇರುತ್ತದೆ. ಕಾರು ಮಾರುವ ದಿನ ಹಳೆಯದನ್ನೇ ಮತ್ತೆ ಹಾಕಬಹುದು.

ಪ್ರಶ್ನೆ: ಹಿಂದಿನ ಟೈರು ಹೊರಗಿನಿಂದ ಹೊಸದರಂತಿದೆ, ಆದರೂ ಬದಲಿಸಿ ಎನ್ನುತ್ತಾರೆ.

ಉತ್ತರ: ಕಾರನ್ನು ಎತ್ತಿ ಒಳ ಅಂಚು ನೋಡಿ. ಈ ಕಾರುಗಳ ಚಕ್ರ ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುತ್ತದೆ, ತಿನ್ನುವುದು ಒಳ ಅಂಚನ್ನೇ. ತಂತಿ ಕಾಣುವ ತನಕ ಸವೆದರೂ ಹೊರಗೆ ನಿಂತವರಿಗೆ ತಿಳಿಯುವುದಿಲ್ಲ. ಟೈರಿನ ಪಕ್ಕದ ನಾಲ್ಕು ಅಂಕಿಗಳನ್ನೂ ಓದಿ: ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ಹೊಸ ಟೈರು ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ, ಅಳತೆಯ ಚೀಟಿ ಇಟ್ಟುಕೊಳ್ಳಿ.