ಹವ್ಯಾಸಿ ಚಿತ್ರಸಂಘದ ಸಂಜೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಇಪ್ಪತ್ತು ಸದಸ್ಯರ ಹವ್ಯಾಸಿ ಚಿತ್ರಸಂಘ. ತಿಂಗಳಿಗೊಮ್ಮೆ ಸಂಜೆ ಎರಡು ಗಂಟೆ ಕಾಲ ಸೇರಿ, ಸದಸ್ಯರು ತಂದ ಕಿರುಚಿತ್ರಗಳನ್ನು ನೋಡಿ ಚರ್ಚಿಸುತ್ತೇವೆ. ಚರ್ಚೆ ಒಂದೋ ‘ಚೆನ್ನಾಗಿದೆ’ ಎಂಬ ಮಾತಿಗೆ ಮುಗಿದುಹೋಗುತ್ತದೆ, ಇಲ್ಲವೇ ಇಬ್ಬರು ಹಿರಿಯರ ನಡುವಿನ ವಾದವಾಗುತ್ತದೆ. ಒಮ್ಮೆ ಚಿತ್ರ ತಂದ ಹೊಸಬರು ಎರಡನೆಯ ಸಲ ತರುತ್ತಿಲ್ಲ. ಸಭೆಯನ್ನು ಹೇಗೆ ನಡೆಸಬೇಕು? (ಸಂಘವೊಂದರ ಕಾರ್ಯದರ್ಶಿ)

ಉತ್ತರ: ಹೊಸಬರು ಎರಡನೆಯ ಸಲ ಚಿತ್ರ ತರದಿರುವುದು ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ, ಉಳಿದ ಕೊರತೆಗಳನ್ನು ನಿಧಾನವಾಗಿ ನೀಗಿಸಿಕೊಳ್ಳಬಹುದು, ಇದನ್ನು ಮಾತ್ರ ಮುಂದಿನ ಸಭೆಯಲ್ಲೇ ಸರಿಪಡಿಸಬೇಕು. ಚಿತ್ರ ಮಾಡಿದವರಿಗೆ ಹೊಗಳಿಕೆಯಾಗಲಿ ತೀರ್ಪಾಗಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ತಾವು ತೋರಿಸಬೇಕೆಂದುಕೊಂಡದ್ದು ನೋಡುವವರಿಗೆ ತಲುಪಿತೇ ಎಂಬುದು ಅವರಿಗೆ ತಿಳಿಯಬೇಕು. ಮನೆಯಲ್ಲಿ ಒಬ್ಬರೇ ಕುಳಿತು ನೂರು ಸಲ ನೋಡಿದರೂ ಅದು ತಿಳಿಯದು, ಏಕೆಂದರೆ ಕಥೆ ಅವರಿಗೆ ಮೊದಲೇ ಗೊತ್ತಿರುತ್ತದೆ. ಸಂಘದ ಸಂಜೆ ಇರುವುದೇ ಈ ಕೆಲಸಕ್ಕಾಗಿ ಎಂದು ನಾನು ನಂಬುತ್ತೇನೆ.

ಮೊದಲು ಪೀಠಿಕೆಯನ್ನು ನಿಲ್ಲಿಸಿ. ‘ಅಂದು ಬೆಳಕು ಸರಿಯಿರಲಿಲ್ಲ, ನಟ ಕೊನೆಯ ಗಳಿಗೆಯಲ್ಲಿ ಕೈಕೊಟ್ಟ’ ಎಂದು ಚಿತ್ರ ಮಾಡಿದವರು ಹೇಳಿಬಿಟ್ಟರೆ, ನೋಡುವವರು ಕಥೆಯನ್ನು ಬಿಟ್ಟು ಬೆಳಕಿನ ದೋಷವನ್ನೇ ಹುಡುಕುತ್ತಾ ಕೂರುತ್ತಾರೆ. ಹೆಸರು ಮತ್ತು ಅವಧಿಯನ್ನಷ್ಟೇ ಹೇಳಿ ದೀಪ ಆರಿಸಿ. ಚಿತ್ರ ಮುಗಿದ ಮೇಲೆ ಎರಡು ನಿಮಿಷ ಯಾರೂ ಮಾತಾಡದೆ, ತಮಗೆ ಕಂಡದ್ದನ್ನು ಒಂದೆರಡು ವಾಕ್ಯಗಳಲ್ಲಿ ಚೀಟಿಯ ಮೇಲೆ ಬರೆಯಲಿ. ಈ ಚೀಟಿಯನ್ನು ನಾನು ಬಹಳವಾಗಿ ನೆಚ್ಚಿಕೊಂಡಿದ್ದೇನೆ: ದೊಡ್ಡ ದನಿಯ ಸದಸ್ಯರೊಬ್ಬರು ಮೊದಲು ಮಾತಾಡಿದರೆ ಉಳಿದವರ ನೋಟವೂ ಅವರ ಹಿಂದೆಯೇ ಹೋಗಿಬಿಡುತ್ತದೆ, ಬರೆದ ಚೀಟಿ ಹಾಗೆ ಬದಲಾಗುವುದಿಲ್ಲ.

ಒಮ್ಮೆ ನಮ್ಮ ಸಂಘದಲ್ಲಿ ಯುವಕನೊಬ್ಬ ಮೂರು ನಿಮಿಷದ ಚಿತ್ರ ತಂದಿದ್ದ. ಅಜ್ಜ ಬೀಗದ ಕೈಯನ್ನು ಎಲ್ಲೋ ಇಟ್ಟು ಮರೆಯುತ್ತಾನೆ, ಮನೆಯೆಲ್ಲ ಹುಡುಕುತ್ತಾನೆ, ಕೊನೆಗೆ ಅದು ಅವನ ಜೇಬಿನಲ್ಲೇ ಸಿಗುತ್ತದೆ. ಹನ್ನೊಂದು ಚೀಟಿಗಳಲ್ಲಿ ಎಂಟರಲ್ಲಿ ‘ಮೊಮ್ಮಗ ಕದ್ದು, ಹೆದರಿ ಮತ್ತೆ ಜೇಬಿನಲ್ಲಿಟ್ಟ’ ಎಂದಿತ್ತು. ಯುವಕ ದಿಗ್ಭ್ರಮೆಗೊಂಡ. ಎರಡನೆಯ ಸಲ ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸುತ್ತಾ ನೋಡಿದಾಗ ಕಾರಣ ಸಿಕ್ಕಿತು: ಖಾಲಿ ಮೊಳೆಯನ್ನು ತಡವುವ ಅಜ್ಜನ ಕೈ ತೋರಿಸಿದ ಬೆನ್ನಿಗೇ, ಸುಮ್ಮನೆ ಪಾಠ ಓದುತ್ತಿದ್ದ ಹುಡುಗನ ಮುಖದ ಶಾಟ್ ಬರುತ್ತಿತ್ತು. ಎರಡು ಶಾಟ್‌ಗಳನ್ನು ಅಕ್ಕಪಕ್ಕ ಇಟ್ಟರೆ ನೋಡುವವರ ಮನಸ್ಸು ಅವುಗಳ ನಡುವೆ ತಾನೇ ಸಂಬಂಧ ಕಟ್ಟುತ್ತದೆ. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಅವರ ಹೆಸರಿನಿಂದ ಇಂದಿಗೂ ಕರೆಯಲಾಗುವ ಪರಿಣಾಮ ಇದೇ. ಹುಡುಗನ ಶಾಟನ್ನು ಹತ್ತು ಸೆಕೆಂಡು ಹಿಂದಕ್ಕೆ ಸರಿಸಿದ್ದಷ್ಟೇ, ಕಳ್ಳತನದ ಅನುಮಾನ ಮಾಯವಾಯಿತು. ಮುಂದಿನ ತಿಂಗಳು ಆ ಯುವಕ ಹೊಸ ಚಿತ್ರದೊಂದಿಗೆ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದ.

ಚೀಟಿಗಳನ್ನು ಓದಿದ ಮೇಲೆ, ಗಮನ ಎಲ್ಲಿ ಸಡಿಲವಾಯಿತು ಎಂಬುದನ್ನು ಪ್ರತಿಯೊಬ್ಬರೂ ಜಾಗ ಗುರುತಿಸಿ ಹೇಳಲಿ. ‘ನಿಧಾನವಾಗಿದೆ’ ಎಂದರೆ ಏನೂ ಹೇಳಿದಂತಾಗುವುದಿಲ್ಲ, ‘ಮೆಟ್ಟಿಲು ಹತ್ತುವ ಶಾಟ್‌ನಲ್ಲಿ ನನ್ನ ಮನಸ್ಸು ಬೇರೆಡೆಗೆ ಹೋಯಿತು’ ಎಂದರೆ ಕತ್ತರಿ ಎಲ್ಲಿ ಆಡಬೇಕೆಂಬುದು ತಿಳಿಯುತ್ತದೆ. ಚಿತ್ರ ಮಾಡಿದವರು ಮಾತಾಡುವುದು ಕೊನೆಯಲ್ಲಿ, ಅದೂ ಸಮರ್ಥನೆಗಲ್ಲ, ಪ್ರಶ್ನೆ ಕೇಳುವುದಕ್ಕೆ. ಹೀಗೆ ನೋಡಿದರೆ ಹತ್ತು ನಿಮಿಷದ ಒಂದು ಚಿತ್ರಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು, ಆದ್ದರಿಂದ ಒಂದು ಸಂಜೆಗೆ ಎರಡಕ್ಕಿಂತ ಹೆಚ್ಚು ಚಿತ್ರ ಇಟ್ಟುಕೊಳ್ಳಬೇಡಿ. ಕ್ಯಾಮೆರಾ, ಲೆನ್ಸ್‌ಗಳ ಚರ್ಚೆಗೆ ಕಡೆಯ ಇಪ್ಪತ್ತು ನಿಮಿಷ ಬಿಟ್ಟುಕೊಡಿ; ಹಿರಿಯರ ಅನುಭವಕ್ಕೆ ಅಲ್ಲಿ ನಿಜವಾದ ಬೆಲೆ ಇದೆ.

ಪ್ರಶ್ನೆ: ಮನೆಯಲ್ಲಿ ಚೆನ್ನಾಗಿಯೇ ಕಾಣುವ ನನ್ನ ಚಿತ್ರ ಸಂಘದ ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ, ಸಂಭಾಷಣೆ ಹಿಂದಿನ ಸಾಲಿಗೆ ಕೇಳುವುದೇ ಇಲ್ಲ. ದೋಷ ಪ್ರೊಜೆಕ್ಟರಿನದೋ ನನ್ನದೋ?

ಉತ್ತರ: ಬಹುಶಃ ಇಬ್ಬರದೂ. ಪ್ರೊಜೆಕ್ಟರ್ ಹೊರಸೂಸುವ ಬೆಳಕು ಇರುವುದು ಒಂದು ಅಳತೆಯಷ್ಟೇ. ಚಿತ್ರದ ಅಗಲವನ್ನು ಇಮ್ಮಡಿ ಮಾಡಿದರೆ ಎತ್ತರವೂ ಇಮ್ಮಡಿಯಾಗಿ, ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡುತ್ತದೆ, ಪರದೆಯ ಕಾಂತಿ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. ಗೋಡೆ ತುಂಬ ಚಿತ್ರ ಬೀಳಲಿ ಎಂಬ ಆಸೆಯನ್ನು ಸ್ವಲ್ಪ ಹಿಡಿತದಲ್ಲಿಟ್ಟು, ಕೋಣೆಯನ್ನು ಪೂರ್ತಿ ಕತ್ತಲು ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ. ಉಳಿದರ್ಧ ನಿಮ್ಮ ಸಂಕಲನದ ಮೇಜಿನಲ್ಲಿದೆ: ಲ್ಯಾಪ್‌ಟಾಪಿನ ಕಾಂತಿಯನ್ನು ಗರಿಷ್ಠಕ್ಕೆ ಇಟ್ಟು, ರಾತ್ರಿಯ ಕತ್ತಲಲ್ಲಿ ಬಣ್ಣ ತಿದ್ದುವವರು ಚಿತ್ರವನ್ನು ತಮಗರಿವಿಲ್ಲದೆಯೇ ಕಪ್ಪಾಗಿಸಿಬಿಡುತ್ತಾರೆ. ಕಾಂತಿಯನ್ನು ಅರ್ಧಕ್ಕೆ ಇಳಿಸಿ, ಕೋಣೆಯಲ್ಲಿ ಮಂದ ದೀಪವಿಟ್ಟುಕೊಂಡು ತಿದ್ದಿ ನೋಡಿ.

ಧ್ವನಿಯ ವಿಷಯ ಇನ್ನೂ ಗಂಭೀರ. ನೋಡುವವರು ಮಸುಕಾದ ಚಿತ್ರವನ್ನು ಸಹಿಸಿಕೊಳ್ಳುತ್ತಾರೆ, ಕೇಳದ ಮಾತನ್ನು ಸಹಿಸುವುದಿಲ್ಲ. ಮೈಕ್ ಮತ್ತು ಬಾಯಿಯ ನಡುವಿನ ದೂರ ಇಮ್ಮಡಿಯಾದರೆ ನೇರವಾಗಿ ಬರುವ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಗೋಡೆಗಳಿಂದ ಮರಳಿ ಬರುವ ಗುಂಯ್‌ಗುಡುವಿಕೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಕ್ಯಾಮೆರಾದ ಮೇಲಿನ ಮೈಕಿನಿಂದ ಹಿಡಿದ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುವುದು ಇದಕ್ಕೇ, ಮತ್ತು ಆ ಬಾವಿಯ ಮೇಲೆ ಸಭಾಕೋಣೆಯ ಪ್ರತಿಧ್ವನಿ ಇನ್ನೊಂದು ಪದರವಾಗಿ ಕೂರುತ್ತದೆ. ಮೈಕನ್ನು ಚೌಕಟ್ಟಿಗೆ ಬೀಳದಷ್ಟು ದೂರದಲ್ಲಿ, ಆದರೆ ಬಾಯಿಗೆ ಆದಷ್ಟು ಹತ್ತಿರ ಹಿಡಿಯಿರಿ. ಹಿನ್ನೆಲೆ ಸಂಗೀತವನ್ನು ಹೆಡ್‌ಫೋನಿನಲ್ಲಿ ಸರಿ ಎನಿಸಿದ್ದಕ್ಕಿಂತ ಇನ್ನಷ್ಟು ಇಳಿಸಿ. ಸ್ಪೀಕರುಗಳು ಪರದೆಯ ಪಕ್ಕದಲ್ಲೇ ಇರಲಿ. ಸಂಘದವರೂ ಸಭೆಗೆ ಅರ್ಧ ಗಂಟೆ ಮುಂಚೆ ಬಂದು ಪ್ರತಿ ಚಿತ್ರದ ಒಂದು ನಿಮಿಷವನ್ನಾದರೂ ಹಾಕಿ ನೋಡಿ, ಹಿಂದಿನ ಸಾಲಿನಲ್ಲಿ ಒಬ್ಬರು ಕುಳಿತು ಕೇಳುವುದು ತಿಂಗಳುಗಟ್ಟಲೆ ದುಡಿದವರಿಗೆ ತೋರುವ ಕನಿಷ್ಠ ಗೌರವ.

ಪ್ರಶ್ನೆ: ಸಭೆಯಲ್ಲೇ ಚಿತ್ರೀಕರಿಸಿದ ದೃಶ್ಯಗಳಲ್ಲಿ ಕಪ್ಪು ಪಟ್ಟಿಗಳು ಓಡಾಡುತ್ತವೆ. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಟ್ಯೂಬ್‌ಲೈಟ್ ಮತ್ತು ಹಲವು ಎಲ್‌ಇಡಿ ದೀಪಗಳು ವಿದ್ಯುತ್ತಿನ ಆವರ್ತನದ ಇಮ್ಮಡಿ ವೇಗದಲ್ಲಿ ಮಿನುಗುತ್ತವೆ. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಶಟರನ್ನು, ಅಂದರೆ ಪ್ರತಿ ಚೌಕಕ್ಕೂ ಬೆಳಕು ಬೀಳುವ ಅವಧಿಯನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120ಕ್ಕೆ ನಿಲ್ಲಿಸಿದರೆ ಸಾಮಾನ್ಯವಾಗಿ ಪಟ್ಟಿಗಳು ಕಾಣುವುದಿಲ್ಲ. ಮಂದಗೊಳಿಸಿದ ಕೆಲವು ಎಲ್‌ಇಡಿ ದೀಪಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ, ಅವನ್ನು ಆರಿಸಿಬಿಡುವುದೇ ಮೇಲು.

ಪ್ರಶ್ನೆ: ನಮ್ಮ ಹಿರಿಯ ಸದಸ್ಯರೊಬ್ಬರ ಬಳಿ ಅವರೇ ತೆಗೆದ ಹಳೆಯ 8 ಮಿ.ಮೀ. ರೀಲುಗಳಿವೆ. ಅವರ ಪ್ರೊಜೆಕ್ಟರಿನಲ್ಲೇ ಒಂದು ಸಂಜೆ ತೋರಿಸಬೇಕೆಂಬುದು ನಮ್ಮ ಆಸೆ. ಏನೇನು ಎಚ್ಚರಿಕೆ ಬೇಕು?

ಉತ್ತರ: ಈ ಪತ್ರ ಓದಿ ಬಹಳ ಸಂತೋಷವಾಯಿತು. ಹವ್ಯಾಸಿಗಳ ಕೈಗೆ ಕ್ಯಾಮೆರಾ ಬಂದದ್ದೇ ಇಂಥ ಸಣ್ಣ ಅಳತೆಯ ಫಿಲ್ಮ್‌ಗಳಿಂದ: ಕೊಡಾಕ್ ಕಂಪನಿ 16 ಮಿ.ಮೀ. ಫಿಲ್ಮನ್ನು 1923ರಲ್ಲಿ, 8 ಮಿ.ಮೀ. ಫಿಲ್ಮನ್ನು 1932ರಲ್ಲಿ, ಸೂಪರ್ 8 ಅನ್ನು 1965ರಲ್ಲಿ ಹೊರತಂದಿತು. ಫಿಲ್ಮಿನ ಬೆನ್ನಿಗೇ ಸಂಘಗಳೂ ಬಂದವು. ನ್ಯೂಯಾರ್ಕಿನಲ್ಲಿ ಅಮೆಚೂರ್ ಸಿನಿಮಾ ಲೀಗ್ 1926ರಷ್ಟು ಹಿಂದೆಯೇ ಸ್ಥಾಪನೆಯಾಗಿತ್ತು. ನಿಮ್ಮ ಹಿರಿಯರ ಡಬ್ಬಿಯಲ್ಲಿರುವುದು ಆ ಪರಂಪರೆಯ ತುಣುಕು.

ಮೊದಲು ಮೂಗಿನಿಂದ ಪರೀಕ್ಷಿಸಿ. ಡಬ್ಬಿ ತೆರೆದೊಡನೆ ವಿನೆಗರಿನಂಥ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಎಂಬ ಪ್ಲಾಸ್ಟಿಕ್ ತಳ ಕೊಳೆಯಲಾರಂಭಿಸಿದೆ ಎಂದರ್ಥ. ಅಂಥ ರೀಲನ್ನು ಉಳಿದವುಗಳಿಂದ ಬೇರೆ ಇಡಬೇಕು, ಪ್ರೊಜೆಕ್ಟರಿಗೆ ಹಾಕಲೇಬಾರದು. ಹಾಗೆ ಕೊಳೆತು ಕುಗ್ಗಿದ ಫಿಲ್ಮಿನ ತೂತುಗಳು, ಅವುಗಳಲ್ಲಿ ಸಿಕ್ಕಿಕೊಂಡು ಫಿಲ್ಮನ್ನು ಎಳೆಯುವ ಯಂತ್ರದ ಉಗುರಿಗೆ ಹೊಂದದೆ ಹರಿದುಹೋಗುತ್ತವೆ. ವಾಸನೆ ಇಲ್ಲದಿದ್ದರೆ ರೀಲನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ 8 ಮಿ.ಮೀ. ಫಿಲ್ಮಿನ ತೂತುಗಳು ದೊಡ್ಡವು, ಸೂಪರ್ 8ರವು ಸಣ್ಣವು; ಸೂಪರ್ 8 ರೀಲಿನ ನಡುವಿನ ರಂಧ್ರ ಮಾತ್ರ ದೊಡ್ಡದು. ಒಂದರ ಫಿಲ್ಮ್ ಇನ್ನೊಂದಕ್ಕಾಗಿ ಮಾಡಿದ ಪ್ರೊಜೆಕ್ಟರಿನಲ್ಲಿ ಓಡುವುದಿಲ್ಲ. ಅಂಟಿಸಿದ ಜೋಡಣೆಗಳನ್ನು ಬೆರಳಿನಲ್ಲಿ ಮೃದುವಾಗಿ ಸವರಿ, ಬಿಟ್ಟುಕೊಂಡವನ್ನು ಮತ್ತೆ ಜೋಡಿಸಿ. ಫಿಲ್ಮ್ ಚಲಿಸದೆ ನಿಂತರೆ ದೀಪದ ಶಾಖಕ್ಕೆ ಅದರೆದುರಿನ ಚೌಕ (ಫ್ರೇಮ್) ಕಂದಿ ಕರಗಿಬಿಡಬಹುದಾದ್ದರಿಂದ, ಮೊದಲು ಬೆಲೆಯಿಲ್ಲದ ಫಿಲ್ಮ್ ಚೂರೊಂದನ್ನು ಓಡಿಸಿ ಯಂತ್ರವನ್ನು ನಂಬಬಹುದೇ ಎಂದು ತಿಳಿದುಕೊಳ್ಳಿ. ನನ್ನನ್ನು ಕೇಳಿದರೆ, ಮೊದಲು ಪ್ರತಿ ಫ್ರೇಮನ್ನೂ ಸ್ಕ್ಯಾನ್ ಮಾಡಿಸಿ ಡಿಜಿಟಲ್ ಪ್ರತಿ ಇಟ್ಟುಕೊಂಡ ಮೇಲೆಯೇ ಒಂದೇ ಒಂದು ರೀಲನ್ನು ಯಂತ್ರದಲ್ಲಿ ತೋರಿಸುವುದು ಸರಿ.

ಸೂಪರ್ 8ರ 50 ಅಡಿಯ ರೀಲು ಸೆಕೆಂಡಿಗೆ 18 ಚೌಕಗಳ ವೇಗದಲ್ಲಿ 3 ನಿಮಿಷ 20 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟೇ ಇದ್ದುದರಿಂದಲೇ ಅಂದಿನವರು ಗುಂಡಿ ಒತ್ತುವ ಮುನ್ನ ಎರಡು ಸಲ ಯೋಚಿಸುತ್ತಿದ್ದರು, ಇದನ್ನು ಹೊಸಬರು ಕಣ್ಣಾರೆ ನೋಡಬೇಕು. ಚಿತ್ರ ಮಾಡಿದವರು ಮೌನವಾಗಿರಬೇಕೆಂದು ಮೇಲೆ ಹೇಳಿದ್ದ ನಿಯಮವನ್ನು ಈ ಸಂಜೆಗೆ ಮಾತ್ರ ಸಡಿಲಿಸಿ. ಮೂಕಿ ರೀಲು ಓಡುತ್ತಿರುವಾಗ ಆ ಹಿರಿಯರು ಪರದೆಯ ಪಕ್ಕದಲ್ಲಿ ಕುಳಿತು, ಯಾರು ಯಾರು, ಎಂದು, ಏಕೆ ತೆಗೆದದ್ದು ಎಂದು ಹೇಳಲಿ. ಆ ಮಾತನ್ನು ತಪ್ಪದೆ ಧ್ವನಿಮುದ್ರಿಸಿಕೊಳ್ಳಿ.

ಪ್ರಶ್ನೆ: ಸಂಘಕ್ಕೆ ಹೊಸದಾಗಿ ಸೇರಿದ್ದೇನೆ. ನನ್ನಲ್ಲಿರುವುದು ಮೊಬೈಲ್ ಮಾತ್ರ. ದೊಡ್ಡ ಕ್ಯಾಮೆರಾಗಳ ನಡುವೆ ನಾನು ಏನು ಮಾಡಬಲ್ಲೆ? (ಹೊಸ ಸದಸ್ಯೆ)

ಉತ್ತರ: ನಿಮ್ಮ ಸಂಘದವರಿಗೆ ಒಂದು ಸಂಜೆಯ ಅಭ್ಯಾಸವನ್ನು ಸೂಚಿಸಿ, ಅದರಲ್ಲಿ ಎಲ್ಲರೂ ಮೊಬೈಲನ್ನೇ ಬಳಸಲಿ. ಮೂರು ಮೂರು ಜನರ ತಂಡ, ನಲವತ್ತು ನಿಮಿಷ, ಐದೇ ಶಾಟ್, ಮಾತಿಲ್ಲ, ಸಂಕಲನವಿಲ್ಲ. ತೆಗೆದ ಕ್ರಮದಲ್ಲೇ ತೋರಿಸಬೇಕು. ವಿಷಯ ಇಷ್ಟು: ಒಬ್ಬರು ಒಂದು ಲಕೋಟೆಯನ್ನು ಇನ್ನೊಬ್ಬರಿಗೆ ಕೊಡುತ್ತಾರೆ, ಅವರಿಗೆ ಅದು ಬೇಡ.

ಕಷ್ಟ ಎಲ್ಲಿ ಬರುತ್ತದೆಂದು ಮೊದಲೇ ಹೇಳುತ್ತೇನೆ. ಎದುರುಬದುರು ಕುಳಿತ ಇಬ್ಬರ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿ, ಐದೂ ಶಾಟ್‌ಗಳಿಗೆ ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿರಬೇಕು. ಗೆರೆ ದಾಟಿದರೆ ಪರದೆಯ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ನೋಡುವಂತೆ ಕಾಣುತ್ತದೆ, ಕೊಟ್ಟದ್ದು ಯಾರಿಗೆಂಬುದೇ ಗೊಂದಲವಾಗುತ್ತದೆ. ಮೊಬೈಲನ್ನು ಅಡ್ಡಲಾಗಿ ಹಿಡಿಯಿರಿ. ಫೋಕಸ್ ಮತ್ತು ಬೆಳಕಿನ ಅಳತೆಯನ್ನು ಲಾಕ್ ಮಾಡಿ, ಇಲ್ಲದಿದ್ದರೆ ಬಿಳಿ ಲಕೋಟೆ ಚೌಕಟ್ಟಿಗೆ ಬಂದ ಕ್ಷಣ ಮುಖ ಕಪ್ಪಾಗುತ್ತದೆ. ಜೂಮ್ ಮಾಡುವ ಬದಲು ಎರಡು ಹೆಜ್ಜೆ ಹತ್ತಿರ ಹೋಗಿ. ಐದರಲ್ಲಿ ಒಂದು ಶಾಟನ್ನಾದರೂ ಕೈಗಳಿಗೆ ಮೀಸಲಿಡಿ: ಲಕೋಟೆಯ ಅಂಚನ್ನು ಹಿಡಿದೂ ಹಿಡಿಯದಂತಿರುವ ಎರಡು ಬೆರಳು, ಬೇಡವೆಂಬ ಮಾತನ್ನು ಮುಖಕ್ಕಿಂತ ಚೆನ್ನಾಗಿ ಹೇಳಬಲ್ಲವು. ಮುಗಿದ ಮೇಲೆ ಉಳಿದ ಸದಸ್ಯರಿಗೆ ವಿಷಯ ಏನೆಂದು ತಿಳಿಸದೆ ತೋರಿಸಿ, ಚೀಟಿಗಳನ್ನು ಹಂಚಿ.